ಟ್ರೌಟ್ ಹಿಡಿಯುವ ಫ್ಲೈ ರಾಡ್‌ನಲ್ಲೇ ಸ್ಟೀಲ್‌ಹೆಡ್ ಹಿಡಿಯಬಹುದಾ?

ನೀವು ಎರಡು ವರ್ಷದಿಂದ 9 ಅಡಿಯ 5 ವೆಯ್ಟ್ (ಲೈನಿನ ತೂಕದ ಅಂಕಿ) ರಾಡ್‌ನಲ್ಲಿ ಟ್ರೌಟ್ ಹಿಡಿಯುತ್ತಿದ್ದೀರಿ. ಈ ಸೆಪ್ಟೆಂಬರ್‌ನಲ್ಲಿ ಒರೆಗಾನ್‌ನ ಡಿಶೂಟ್ಸ್ ನದಿಗೆ ಸ್ಟೀಲ್‌ಹೆಡ್ ಹುಡುಕಿಕೊಂಡು ಹೋಗುವ ಆಸೆ. ಇರುವ ರಾಡ್ ಸಾಕಾ, ಹೊಸದಾಗಿ ಏನು ಬೇಕು, ಬೀಸುವ ರೀತಿ ಬದಲಾಗುತ್ತದಾ ಅಂತ ಕೇಳಿದ್ದೀರಿ.

ಆ ರಾಡ್ ಸಾಲದು. 7 ಅಥವಾ 8 ವೆಯ್ಟ್ ಬೇಕು. ಆದರೆ ಕೊಳ್ಳುವ ಮೊದಲು, ಆ ಮೀನು ಹೊಳೆಯಲ್ಲಿ ಏನು ಮಾಡುತ್ತಿರುತ್ತದೆ ಅನ್ನೋದು ತಿಳಿದಿರಲಿ. ಮಿಕ್ಕಿದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ.

ರೇನ್‌ಬೋ ಟ್ರೌಟ್ ಮತ್ತು ಸ್ಟೀಲ್‌ಹೆಡ್ ಎರಡೂ ಒಂದೇ ಜಾತಿಯ ಮೀನು. ಒಂದೇ ಹೊಳೆಯಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವು ಅಲ್ಲೇ ಉಳಿಯುತ್ತವೆ. ಕೆಲವು ಪೆಸಿಫಿಕ್ ಸಾಗರಕ್ಕೆ ಇಳಿದು, ಅಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ತಿಂದು ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೆ ಮರಳುತ್ತವೆ. ಉಳಿದದ್ದು ಟ್ರೌಟ್, ಕಡಲು ನೋಡಿ ಬಂದದ್ದು ಸ್ಟೀಲ್‌ಹೆಡ್.

ಟ್ರೌಟ್‌ಗೆ ಹೊಳೆಯೇ ಮನೆ, ಹೊಳೆಯೇ ಅಡುಗೆಮನೆ. ನೀರು ತಂದುಕೊಡುವ ಹುಳವನ್ನು ಅದು ನೋಡಿ, ಆರಿಸಿ ತಿನ್ನುತ್ತದೆ. ಅದಕ್ಕೇ ನಿಮ್ಮ ಫ್ಲೈ, ಅಂದರೆ ಗರಿ, ನೂಲು ಸುತ್ತಿ ಹುಳದ ಹಾಗೆ ಮಾಡಿದ ಕೊಕ್ಕೆ, ನೀರಿನ ವೇಗದಲ್ಲೇ, ಯಾವ ದಾರವೂ ಎಳೆಯದ ಹಾಗೆ ತೇಲಿ ಬರಬೇಕು. ಸ್ಟೀಲ್‌ಹೆಡ್ ಹಾಗಲ್ಲ. ಹೊಳೆಗೆ ಬಂದ ಮೇಲೆ ಅದು ಹೆಚ್ಚುಕಡಿಮೆ ಊಟವನ್ನೇ ಬಿಟ್ಟಿರುತ್ತದೆ. ಕಡಲಲ್ಲಿ ಕೂಡಿಟ್ಟ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಕಳೆಯುತ್ತದೆ. ಅದು ಬಾಯಿ ಹಾಕುವುದು ಹಸಿವಿಗಲ್ಲ. ಹಳೆಯ ಅಭ್ಯಾಸವೋ, ತನ್ನ ಜಾಗಕ್ಕೆ ಯಾರೋ ನುಗ್ಗಿದರು ಅನ್ನೋ ಸಿಟ್ಟೋ, ಅಂತೂ ಎದುರಿಗೆ ಅಡ್ಡ ಹಾಯ್ದು ಹೋಗುವ ಜೀವವನ್ನು ಕಂಡು ಅದು ಕೆರಳುತ್ತದೆ. ಹಾಗಾಗಿ ಟ್ರೌಟ್‌ಗೆ ಲೈನ್ (ಗಾಳದ ದಪ್ಪ ದಾರ) ಸಡಿಲವಾಗಿರಬೇಕು, ಸ್ಟೀಲ್‌ಹೆಡ್‌ಗೆ ಬಿಗಿಯಾಗಿರಬೇಕು. ಎರಡು ವರ್ಷ ನೀವು ಕಲಿತದ್ದಕ್ಕೆ ಇದು ಪೂರಾ ಉಲ್ಟಾ.

ಈಗ ಸಾಮಾನಿನ ವಿಷಯ. ಮಾಮೂಲಿ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹಾರುತ್ತದೆ. ಫ್ಲೈಗೆ ಆ ತೂಕ ಎಲ್ಲಿದೆ? ನಾಲ್ಕು ಗರಿ, ಒಂದಿಷ್ಟು ನೂಲು. ಇಲ್ಲಿ ನಾವು ಬೀಸುವುದು ಲೈನನ್ನು. ಲೈನಿನ ಭಾರಕ್ಕೆ ರಾಡ್ ಬಾಗುತ್ತದೆ, ರಾಡ್ ನೆಟ್ಟಗಾಗುವಾಗ ಲೈನ್ ಹಾರುತ್ತದೆ, ಫ್ಲೈ ಅದರ ಬೆನ್ನಿಗೆ ಹೋಗುತ್ತದೆ. 5 ವೆಯ್ಟ್, 8 ವೆಯ್ಟ್ ಅನ್ನೋದು ಈ ಲೈನಿನ ಲೆಕ್ಕವೇ. ಲೈನಿನ ಮೊದಲ 30 ಅಡಿ ತೂಗಿದರೆ 5 ವೆಯ್ಟ್ 140 ಗ್ರೇನ್ ಬರಬೇಕು, ಅಂದರೆ ಸುಮಾರು 9 ಗ್ರಾಂ. 8 ವೆಯ್ಟ್ 210 ಗ್ರೇನ್, ಹದಿಮೂರೂವರೆ ಗ್ರಾಂ. ಅದಕ್ಕೇ ನಾನು ಎಲ್ಲರಿಗೂ ಹೇಳೋದು: ದುಡ್ಡು ಉಳಿಸುವುದಿದ್ದರೆ ರಾಡ್‌ನಲ್ಲಿ ಉಳಿಸಿ. ಸಾಧಾರಣ ರಾಡ್ ಒಳ್ಳೆಯ ಲೈನ್ ಜೊತೆ ಚೆನ್ನಾಗಿ ಬೀಸುತ್ತದೆ. ದುಬಾರಿ ರಾಡ್‌ಗೆ ಹೊಂದದ ಲೈನ್ ಹಾಕಿದರೆ ದಿನವಿಡೀ ಒದ್ದಾಟ.

5 ವೆಯ್ಟ್‌ನಲ್ಲಿ ಸ್ಟೀಲ್‌ಹೆಡ್ ಬೀಳುವುದೇ ಇಲ್ಲ ಅಂತಲ್ಲ. ಆದರೆ ಕಡಲಿನ ಕಸುವಿರುವ ಮೀನನ್ನು ಅಷ್ಟು ಮೆದುವಾದ ರಾಡ್‌ನಲ್ಲಿ ದಡಕ್ಕೆ ತರಲು ತುಂಬಾ ಹೊತ್ತು ಬೇಕು. ಅಷ್ಟು ಹೊತ್ತು ಹೆಣಗಿ ಸುಸ್ತಾದ ಮೀನು, ಬಿಟ್ಟ ಮೇಲೂ ಸಾಯಬಹುದು. ನನಗೆ ಇದೇ ದೊಡ್ಡ ಕಾರಣ.

ಒಂದು ಕೈಯಲ್ಲಿ ಬೀಸುವ ರಾಡ್ ಬೇಕೆಂದರೆ 10 ಅಡಿಯ 7 ಅಥವಾ 8 ವೆಯ್ಟ್ ನೋಡಿ. ಆದರೆ ನನ್ನನ್ನು ಕೇಳಿದರೆ, ಎರಡು ಕೈಯಲ್ಲಿ ಬೀಸುವ ಸ್ಪೇ ರಾಡ್‌ಗೇ ಹೋಗಿ. ಹನ್ನೆರಡೂವರೆಯಿಂದ ಹದಿಮೂರು ಅಡಿ, 7 ವೆಯ್ಟ್. ಸ್ಟೀಲ್‌ಹೆಡ್ ಹಿಡಿಯುವಾಗ ದಿನಕ್ಕೆ ನೂರಾರು ಸಲ ಬೀಸಬೇಕು. ಒಂದೇ ಕೈಯಾದರೆ ಸಂಜೆಗೆ ಭುಜ ಬಿದ್ದುಹೋಗುತ್ತದೆ. ಜೊತೆಗೆ ಬಹಳಷ್ಟು ಕಡೆ ಬೆನ್ನ ಹಿಂದೆಯೇ ಮರ ಅಥವಾ ಬಂಡೆ ಇರುತ್ತದೆ, ಲೈನ್ ಹಿಂದಕ್ಕೆ ಹಾರಲು ಜಾಗವೇ ಇರುವುದಿಲ್ಲ. ಸ್ಕಾಟ್ಲೆಂಡಿನ ಸ್ಪೇ ನದಿಯ ಹೆಸರು ಹೊತ್ತ ಈ ಬೀಸು ಅಂಥ ಜಾಗಕ್ಕೇ ಹೇಳಿ ಮಾಡಿಸಿದ್ದು.

ಅದು ಕೆಲಸ ಮಾಡುವುದು ಹೀಗೆ. ಲೈನಿನ ತುದಿ ನಿಮ್ಮ ಪಕ್ಕದಲ್ಲಿ ನೀರಿಗೆ ತಾಗಿರುತ್ತದೆ, ಅದನ್ನು ಆ್ಯಂಕರ್ ಅಂತಾರೆ. ಉಳಿದ ಲೈನ್ ರಾಡ್‌ನ ಹಿಂದೆ ಕಮಾನಿನ ಹಾಗೆ ಉಬ್ಬಿಕೊಳ್ಳುತ್ತದೆ. ನೀರಿನ ಹಿಡಿತ ಮತ್ತು ಆ ಕಮಾನಿನ ಭಾರ ಸೇರಿ ರಾಡನ್ನು ಬಾಗಿಸುತ್ತವೆ. ಆಮೇಲೆ ಕೆಳಗಿನ ಕೈಯನ್ನು ಹೊಟ್ಟೆಯ ಕಡೆ ಎಳೆಯಬೇಕು. ಹೊಸಬರೆಲ್ಲ ಮೇಲಿನ ಕೈಯಿಂದ ದಬ್ಬುತ್ತಾರೆ, ಲೈನ್ ಮುಂದೆ ಗುಪ್ಪೆಯಾಗಿ ಬೀಳುತ್ತದೆ. ಕೆಲಸವೆಲ್ಲ ಕೆಳಗಿನ ಕೈಯದ್ದು.

ಗಾಳಿಯನ್ನು ಮರೆಯಬೇಡಿ. ಆ್ಯಂಕರ್ ಯಾವಾಗಲೂ ಗಾಳಿ ಹೋಗುವ ಬದಿಗೆ ಇರಬೇಕು, ಇಲ್ಲವಾದರೆ ಕೊಕ್ಕೆ ನಿಮ್ಮ ಮುಖಕ್ಕೇ ಬರುತ್ತದೆ. ಗಾಳಿ ಹೊಳೆಯ ಕೆಳಗಡೆಗೆ ಬೀಸುತ್ತಿದ್ದರೆ ಆ್ಯಂಕರ್ ಕೆಳಬದಿಗೆ ಬೀಳುವ ಡಬಲ್ ಸ್ಪೇ, ಮೇಲ್ಗಡೆಗೆ ಬೀಸುತ್ತಿದ್ದರೆ ಆ್ಯಂಕರ್ ಮೇಲ್ಬದಿಗೆ ಬೀಳುವ ಸ್ನ್ಯಾಪ್ ಟಿ. ಈ ಎರಡು ಬೀಸು ಬಂದರೆ ಮೊದಲ ವರ್ಷಕ್ಕೆ ಧಾರಾಳವಾಯಿತು. ಡಿಶೂಟ್ಸ್ ಕಣಿವೆಯಲ್ಲಿ ಮಧ್ಯಾಹ್ನದ ಮೇಲೆ ಮೇಲ್ಗಡೆಗೆ ಜೋರು ಗಾಳಿ ಬರೋದು ಜಾಸ್ತಿ. ಹಾಗಾಗಿ ಸ್ನ್ಯಾಪ್ ಟಿ ಮೊದಲು ಕಲಿಯಿರಿ. ಕನ್ನಡಕ ಹಾಕದೆ ಯಾವತ್ತೂ ಬೀಸಬೇಡಿ.

ಸ್ಪೇ ಲೈನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಕ್ಯಾಂಡಿ ಉದ್ದ, ಸಪೂರ, ಹಗುರ ಫ್ಲೈಗೆ. ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿಯ ಹೆಸರಿನ ಸ್ಕ್ಯಾಜಿಟ್ ಲೈನ್ ಗಿಡ್ಡ, ದಪ್ಪ. 7 ವೆಯ್ಟ್‌ಗೆ ಸುಮಾರು 500 ಗ್ರೇನ್ ಬರುತ್ತದೆ. ಚಳಿಗಾಲದ ತುಂಬಿದ ಹೊಳೆಯಲ್ಲಿ ಮುಳುಗುವ ತುದಿ ಮತ್ತು ದೊಡ್ಡ ಫ್ಲೈ ಎರಡನ್ನೂ ಎತ್ತಿ ಒಗೆಯುವ ಶಕ್ತಿ ಅದಕ್ಕಿದೆ. ಟಿ-8, ಟಿ-14 ಅಂತ ಬರೆದಿರುತ್ತಾರಲ್ಲ, ಅದು ಒಂದು ಅಡಿ ತುದಿಯ ತೂಕ ಎಷ್ಟು ಗ್ರೇನ್ ಅನ್ನೋದು. ಭಾರವಾದಷ್ಟೂ ಬೇಗ ಮುಳುಗುತ್ತದೆ. ನೀವು ಹೋಗುವ ಹೊತ್ತಿಗೆ ಈ ಮುಳುಗುವ ತುದಿಗಳು ಬೇಕಾಗಲಿಕ್ಕಿಲ್ಲ. ಬೇಸಿಗೆಯಲ್ಲಿ ಹೊಳೆ ಹತ್ತುವ ಸ್ಟೀಲ್‌ಹೆಡ್ ನೀರು ಬೆಚ್ಚಗಿರುವಾಗ ಫ್ಲೈಗಾಗಿ ಮೇಲಕ್ಕೆ ಏಳುತ್ತದೆ. ತೇಲುವ ಸ್ಕ್ಯಾಂಡಿ, ಅದರ ಮುಂದೆ 10–12 ಅಡಿಯ ಲೀಡರ್ ಅನ್ನೋ ತೆಳು ದಾರ, ತುದಿಗೆ 10 ಪೌಂಡ್ ತಡೆಯುವ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ಕೊನೆಯ ಸಪೂರ ದಾರ. ಅಷ್ಟು ಸಾಕು.

ಇನ್ನು ಸ್ವಿಂಗ್, ಅಂದರೆ ಬಿಗಿ ಲೈನಿನಲ್ಲಿ ಫ್ಲೈಯನ್ನು ಹೊಳೆಗೆ ಅಡ್ಡ ಹಾಯಿಸುವುದು. ಹೊಳೆಗೆ ಅಡ್ಡಲಾಗಿ, ಸ್ವಲ್ಪ ಕೆಳಕ್ಕೆ, ಸುಮಾರು 45 ಡಿಗ್ರಿಗೆ ಬೀಸಿ. ಲೈನ್ ಬಿದ್ದ ತಕ್ಷಣ ಒಂದೇ ಒಂದು ಸಲ ಅದನ್ನು ಮೇಲ್ಗಡೆಗೆ ಎತ್ತಿ ಹಾಕಿ, ಅಂದರೆ ಮೆಂಡ್ ಮಾಡಿ. ಆಮೇಲೆ ಕೈ ಆಡಿಸಬೇಡಿ. ಸೆಳವು ಲೈನನ್ನು ಬಿಗಿ ಮಾಡುತ್ತದೆ, ಫ್ಲೈ ಕಮಾನಿನ ಹಾಗೆ ಸುತ್ತಿಕೊಂಡು ನಿಮ್ಮ ಕೆಳಗಿನ ದಡದ ಕಡೆ ಬರುತ್ತದೆ. ಕೊನೆಯಲ್ಲಿ ಅದನ್ನು ಕೆಲವು ಸೆಕೆಂಡ್ ಸುಮ್ನೆ ತೂಗಲು ಬಿಡಿ, ಹಿಂದೆಯೇ ಬಂದ ಮೀನು ಅಲ್ಲೇ ಕಚ್ಚುವುದುಂಟು. ಆಮೇಲೆ ಎರಡು ಹೆಜ್ಜೆ ಕೆಳಗೆ ಇಳಿದು ಮತ್ತೆ ಬೀಸಿ. ಬೀಸು, ಸ್ವಿಂಗ್, ಎರಡು ಹೆಜ್ಜೆ. ಹೀಗೆ ಒಂದು ಹರಿವನ್ನು ಮೇಲಿನಿಂದ ಕೆಳಗಿನವರೆಗೂ ಗುಡಿಸಿದ ಹಾಗೆ ಮುಗಿಸಬೇಕು. ನಡೆಯುವ ವೇಗದಲ್ಲಿ ಸಾಗುವ, ಎದೆಮಟ್ಟದ ಆಳವಿರುವ, ತಳದಲ್ಲಿ ದಪ್ಪ ಕಲ್ಲುಗಳಿರುವ ನೀರು ಹುಡುಕಿ. ಬಿಸಿಲು ನೀರಿನ ಮೇಲೆ ಬೀಳುವ ಮೊದಲು ಮತ್ತು ಇಳಿದ ಮೇಲೆ, ಇವೆರಡೇ ಒಳ್ಳೆಯ ಹೊತ್ತು.

ಕಚ್ಚಿದಾಗ ಏನು ಮಾಡಬೇಕು ಅನ್ನೋದು ನನಗೆ ಕಷ್ಟಪಟ್ಟು ಬಂದ ಪಾಠ. ಮೊದಲ ಸಲ ಹೋದಾಗ ಮೂರು ದಿನ ಒಂದು ತಟ್ಟೂ ಇರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ, ಇನ್ನೂ ಮಬ್ಬುಗತ್ತಲೆ, ಸ್ವಿಂಗ್ ಮುಗಿಯುವ ಹೊತ್ತಿಗೆ ಲೈನ್ ಒಂದು ಸಲ ಜಗ್ಗಿತು. ಟ್ರೌಟ್‌ನ ಅಭ್ಯಾಸ ನೋಡಿ, ಗಕ್ಕನೆ ರಾಡ್ ಎತ್ತಿದೆ. ಏನೂ ಇಲ್ಲ. ಆಗ ಆದ ಸಂಕಟ ಇವತ್ತಿಗೂ ನೆನಪಿದೆ. ಜೊತೆಗಿದ್ದ ಹಿರಿಯರು “ರೀಲ್ ತಿರುಗೋವರೆಗೂ ರಾಡ್ ಎತ್ತಬೇಡಿ” ಅಂದರು. ಅದರ ಅರ್ಥ ನಿಧಾನಕ್ಕೆ ತಿಳಿಯಿತು. ಫ್ಲೈ ನಿಮ್ಮ ಕೆಳಗಡೆ ಇದೆ, ಮೀನು ಅದಕ್ಕೂ ಕೆಳಗಡೆ ಇದೆ. ಎತ್ತಿದರೆ ಕೊಕ್ಕೆ ನೇರ ಬಾಯಿಂದ ಆಚೆಗೆ ಬರುತ್ತದೆ. ಬಿಟ್ಟರೆ ಮೀನು ಫ್ಲೈ ಹಿಡಿದು ತಿರುಗುತ್ತದೆ, ಲೈನ್ ಬಿಗಿಯಾಗಿ ಕೊಕ್ಕೆ ಬಾಯಿಯ ಮೂಲೆಗೆ ತಾನಾಗಿಯೇ ಕೂರುತ್ತದೆ. ರೀಲ್ ಗಿರ್ರನೆ ತಿರುಗಿ, ಭಾರ ಕೈಗೆ ಸಿಕ್ಕ ಮೇಲೆ ರಾಡನ್ನು ದಡದ ಕಡೆ ಬಾಗಿಸಿ, ಮೇಲಕ್ಕಲ್ಲ. ಅಷ್ಟು ಹೊತ್ತು ಕೈ ಕಟ್ಟಿ ನಿಲ್ಲುವುದು ಈ ಇಡೀ ವಿದ್ಯೆಯಲ್ಲಿ ಅತಿ ಕಷ್ಟದ ಕೆಲಸ.

ನಿಮ್ಮ 5 ವೆಯ್ಟ್ ರಾಡನ್ನು ಮನೆಯಲ್ಲಿ ಬಿಡಬೇಡಿ. ಡಿಶೂಟ್ಸ್‌ನಲ್ಲಿ ರೆಡ್‌ಬ್ಯಾಂಡ್ ಅನ್ನೋ ಗಟ್ಟಿಮುಟ್ಟು ಟ್ರೌಟ್‌ಗಳಿವೆ. ಬಿಸಿಲೇರಿ ಸ್ಟೀಲ್‌ಹೆಡ್ ಕಚ್ಚುವುದು ನಿಂತಾಗ ಈ ಟ್ರೌಟ್‌ಗಳ ಹಿಂದೆ ಹೋಗಬಹುದು. ಟ್ರೌಟ್ ತಿನ್ನುವುದರಲ್ಲಿ ಹೆಚ್ಚಿನ ಪಾಲು ನೀರಿನ ಒಳಗೇ, ಹಾಗಾಗಿ ಮೇಲೆ ಮೀನು ಏಳದಿದ್ದರೆ ಫೆಸೆಂಟ್ ಟೇಲ್‌ನಂಥ ನಿಂಫ್ (ನೀರೊಳಗಿನ ಮರಿಹುಳದಂಥ ಫ್ಲೈ) ಕಟ್ಟಿ ತಳಕ್ಕೆ ಇಳಿಸಿ. ಸಂಜೆ ಕ್ಯಾಡಿಸ್ ಹುಳ ಹಾರತೊಡಗಿದರೆ ಎಲ್ಕ್ ಹೇರ್ ಕ್ಯಾಡಿಸ್ ಅನ್ನೋ ತೇಲುವ ಫ್ಲೈ ಕಟ್ಟಿ. ಟಿಪ್ಪೆಟ್ ಆರಿಸುವುದಕ್ಕೆ ಒಂದು ಸುಲಭ ಲೆಕ್ಕ: ಕೊಕ್ಕೆಯ ಸೈಜನ್ನು ಮೂರರಿಂದ ಭಾಗಿಸಿ, ಬಂದದ್ದು ಟಿಪ್ಪೆಟ್ಟಿನ ಎಕ್ಸ್ ಅಂಕಿ. 14ರ ಕೊಕ್ಕೆಗೆ ಹತ್ತಿರ ಹತ್ತಿರ 5ಎಕ್ಸ್. ಆ ಎಕ್ಸ್ ಅಂಕಿಯನ್ನು 11ರಿಂದ ಕಳೆದರೆ ದಪ್ಪ ಸಿಗುತ್ತದೆ. 5ಎಕ್ಸ್ ಅಂದರೆ ಇಂಚಿನ ಸಾವಿರದಲ್ಲಿ 6 ಭಾಗ. ಫ್ಲೈ ಹಿಂದೆ ನೀರಿನಲ್ಲಿ ಚಿಕ್ಕ ಗೆರೆ ಎದ್ದರೂ ಲೈನ್ ಎಳೆಯುತ್ತಿದೆ ಅಂತಲೇ. ಇಲ್ಲಿ ಎಷ್ಟು ಸಲ ಬೇಕಾದರೂ ಮೆಂಡ್ ಮಾಡಿ.

ಸ್ಟೀಲ್‌ಹೆಡ್ ಫ್ಲೈ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಗ್ರೀನ್ ಬಟ್ ಸ್ಕಂಕ್ ನಾಲ್ಕು, ಮೇಲೆ ಗೆರೆ ಎಳೆದುಕೊಂಡು ಬರುವ ಮಡ್ಲರ್ ಎರಡು, ಸಾಕು. ಹೆಚ್ಚು ನೀರು ಗುಡಿಸಿದವರಿಗೇ ಮೀನು ಸಿಗುವುದು, ಹೆಚ್ಚು ಫ್ಲೈ ಬದಲಿಸಿದವರಿಗಲ್ಲ. ರೀಲ್‌ಗೆ ಮಾತ್ರ ನಯವಾದ ಡ್ರ್ಯಾಗ್ (ಲೈನ್ ಓಡುವಾಗ ತಡೆಯುವ ಬ್ರೇಕು) ಇರಲಿ, ಲೈನಿನ ಹಿಂದೆ ಕಡೇಪಕ್ಷ 100 ಮೀಟರ್ ಬ್ಯಾಕಿಂಗ್ ಅನ್ನೋ ಹೆಚ್ಚುವರಿ ದಾರ ಇರಲಿ. ಗಂಟು ಬಿಗಿಯುವ ಮುನ್ನ ಬಾಯಲ್ಲಿ ಒದ್ದೆ ಮಾಡಿಕೊಳ್ಳಿ, ಒಣ ಗಂಟು ಬಿಸಿಯಾಗಿ ಅಲ್ಲೇ ತುಂಡಾಗುತ್ತದೆ.

ಡಿಶೂಟ್ಸ್‌ನ ಕೆಳಭಾಗದಲ್ಲಿ ದೋಣಿಯಿಂದ ಗಾಳ ಹಾಕುವಂತಿಲ್ಲ. ದೋಣಿಯಲ್ಲಿ ಹೋಗಬಹುದು, ಬೀಸಲು ಇಳಿದು ನಿಲ್ಲಲೇಬೇಕು. ಕಲ್ಲು ಜಾರುತ್ತದೆ, ಸೆಳವು ಜೋರು. ಮೊಳೆ ಇರುವ ಬೂಟು, ಊರುಗೋಲು, ವೇಡರ್ (ನೀರಿಗಿಳಿಯಲು ಹಾಕುವ ನೀರು ಹೊಗದ ಉಡುಪು) ಮೇಲೆ ಬಿಗಿಯಾದ ಬೆಲ್ಟ್, ಮೂರೂ ಬೇಕು. ಬೆಲ್ಟ್ ಇಲ್ಲದೆ ಬಿದ್ದರೆ ವೇಡರ್ ಒಳಗೆ ನೀರು ತುಂಬಿಕೊಂಡು ಏಳಲು ಆಗುವುದಿಲ್ಲ.

ಒಂದು ಥರ್ಮಾಮೀಟರ್ ಜೇಬಲ್ಲಿರಲಿ. ನೀರು 20 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಗಾಳ ಸುತ್ತಿಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನು ಚೇತರಿಸಿಕೊಳ್ಳುವುದಿಲ್ಲ. ಬೆನ್ನಿನ ಮೇಲೆ ಬಾಲದ ಹತ್ತಿರ ಒಂದು ಪುಟ್ಟ ಕೊಬ್ಬಿನ ರೆಕ್ಕೆ ಇದೆಯಾ ನೋಡಿ. ಸಾಕಣೆ ಕೇಂದ್ರದ ಮೀನಾದರೆ ಮರಿಯಲ್ಲೇ ಅದನ್ನು ಕತ್ತರಿಸಿರುತ್ತಾರೆ. ರೆಕ್ಕೆ ಇದ್ದರೆ ಅದು ಕಾಡು ಮೀನು, ಬಿಡಲೇಬೇಕು. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಬಿಡಿ. ಫೋಟೋ ಬೇಕಾದರೆ ಮೀನು ನೀರಿನಲ್ಲೇ ಇರಲಿ. ಪೆಸಿಫಿಕ್ ಸಾಲ್ಮನ್ ಒಂದು ಸಲ ಮೊಟ್ಟೆಯಿಟ್ಟು ಸಾಯುತ್ತದೆ, ಆದರೆ ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ ಕಡಲಿಗೆ ಹೋಗಿ ಮತ್ತೊಮ್ಮೆ ಬರುತ್ತವೆ. ನೀವು ಬಿಟ್ಟದ್ದೂ ಅವುಗಳಲ್ಲಿ ಒಂದಾಗಬಹುದು. ಹೊರಡುವ ಹಿಂದಿನ ದಿನ ರಾಜ್ಯದ ನಿಯಮ ಇನ್ನೊಮ್ಮೆ ನೋಡಿ. ಮೀನು ಕಡಿಮೆ ಬಂದ ವರ್ಷ, 2021ರಲ್ಲಿ ಆದ ಹಾಗೆ, ಸ್ಟೀಲ್‌ಹೆಡ್ ಹಿಡಿಯುವುದನ್ನೇ ನಿಲ್ಲಿಸಿಬಿಡುತ್ತಾರೆ.

ಹೋಗುವ ಮುನ್ನ ನಾಲ್ಕೈದು ದಿನವಾದರೂ ಸ್ಪೇ ಬೀಸು ಅಭ್ಯಾಸ ಮಾಡಿ. ಹುಲ್ಲಿನ ಮೇಲೆ ಅದು ಬರುವುದಿಲ್ಲ, ಆ್ಯಂಕರ್‌ಗೆ ನೀರಿನ ಹಿಡಿತ ಬೇಕು. ಮೊಣಕಾಲು ಮಟ್ಟದ ಹರಿಯುವ ನೀರು ಸಾಕು, ಕೊಕ್ಕೆಯ ಬದಲು ಒಂದು ಚೂರು ಉಣ್ಣೆ ಕಟ್ಟಿಕೊಳ್ಳಿ. ಈಗಿರುವ ರೀಲ್ ಯಾವ ಸೈಜ್ ಅಂತ ಬರೆಯಿರಿ. ಅದು ಸ್ಪೇ ಲೈನ್ ಹಿಡಿಸುತ್ತದಾ, ಹೊಸದೇ ಬೇಕಾ ಅಂತ ಹೇಳುತ್ತೇನೆ.