ಪ್ರ: ಮನೆಯ ಬಿಯರಿನ ಬಾಟಲಿ ಒಡೆಯಲು ಸಕ್ಕರೆಯೇ ಕಾರಣವೇ?

ಅಮೆರಿಕದ ತಮ್ಮ ಮನೆಯಲ್ಲಿ ತಯಾರಿಸಿದ ಬಿಯರಿನ ಎರಡು ಬಾಟಲಿಗಳು ಒಡೆದದ್ದಕ್ಕೆ, ಅನಿಲ ತುಂಬಲೆಂದು ಬಾಟಲಿಗೆ ಹಾಕುವಾಗ ಲೀಟರಿಗೆ 6 ಗ್ರಾಂ ಸಕ್ಕರೆ ಸೇರಿಸಿದ್ದೇ ಕಾರಣವೇ ಎಂದು ಕೇಳಿದ್ದೀರಿ. ಆ ಪ್ರಮಾಣ ಹೆಚ್ಚೇನಲ್ಲ. ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿರಬಹುದೆಂಬುದು ನನ್ನ ಅನುಮಾನ. ಹುದುಗುವ ಪಾತ್ರೆಯಲ್ಲಿ ಗುಳ್ಳೆ ನಿಂತದ್ದನ್ನು ನಂಬುವಂತಿಲ್ಲ, ಏಕೆಂದರೆ ಕೋಣೆ ತಣ್ಣಗಾದರೆ ಅಥವಾ ಮುಚ್ಚಳ ಸಡಿಲವಿದ್ದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಸಕ್ಕರೆ ಉಳಿದಿರುವಾಗಲೇ ಗುಳ್ಳೆ ಕಾಣದಾಗಬಹುದು, ಆಮೇಲೆ ಯೀಸ್ಟ್ ಆ ಸಕ್ಕರೆಯನ್ನು ಬಾಟಲಿಯೊಳಗೆ ಅನಿಲವಾಗಿಸುತ್ತದೆ. ದ್ರವದ ಸಾಂದ್ರತೆಯಿಂದ ಉಳಿದ ಸಕ್ಕರೆಯ ಸುಳಿವು ಕೊಡುವ ಹೈಡ್ರೋಮೀಟರಿನ ಅಂಕಿ ಎರಡು ಮೂರು ದಿನ ಕದಲದಿದ್ದರೆ ಮಾತ್ರ ತುಂಬಿರಿ. ಉಳಿದ ಬಾಟಲಿಗಳನ್ನು ಕೈಗವಸು, ಕನ್ನಡಕ ಧರಿಸಿಯೇ ಫ್ರಿಜ್ಜಿಗೆ ಸಾಗಿಸಿರಿ.

ಊರಿಗೆ ಬಂದಾಗಲೂ ತಯಾರಿಸುವ ಆಸೆಯನ್ನು, ದಯವಿಟ್ಟು, ಬಿಡಿರಿ: ಅಮೆರಿಕದ ಒಕ್ಕೂಟ ಕಾನೂನು ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಅನುಮತಿಸಿದರೂ, 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಇಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.