ಕ್ಯಾಮೆರಾ ಕೆಲಸ ಅಷ್ಟು ಚೆನ್ನಾಗಿದ್ದರೂ ಕೆಲವು ಸಿನಿಮಾ ಯಾಕೆ ಬೋರ್ ಹೊಡೆಸುತ್ತವೆ?

ಮುಂದೇನಾಗುತ್ತೆ ಅಂತ ಮೊದಲೇ ಗೊತ್ತಾಗಿಬಿಡುತ್ತೆ, ಅದಕ್ಕೇ. ಚೆಂದದ ದೃಶ್ಯಕ್ಕೆ ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ. ಆಮೇಲೆ ನಮ್ಮನ್ನು ಸೀಟಿನಲ್ಲಿ ಹಿಡಿದು ಕೂರಿಸುವುದು ‘ಮುಂದೇನು?’ ಅನ್ನೋ ಪ್ರಶ್ನೆ.

ಹೋದ ವಾರ ಹುಬ್ಬಳ್ಳಿಯಲ್ಲಿ ಒಂದು ಸಿನಿಮಾ ನೋಡಿದೆ. ಬ್ಯಾಡಗಿ ಮೆಣಸಿನಕಾಯಿ ಒಣಗಿಸುವ ಕಣ, ಮೇಲಿನಿಂದ ತೆಗೆದ ಶಾಟ್. ನೆಲವೆಲ್ಲ ಕೆಂಪು, ನಡುವೆ ತಲೆ ಮೇಲೆ ಸೆರಗು ಹೊದ್ದ ಒಬ್ಬಳೇ ಹೆಂಗಸು. ಉಸಿರು ಬಿಗಿಹಿಡಿದು ನೋಡಿದೆ. ಮುಂದಿನ ದೃಶ್ಯದಲ್ಲಿ ನಾಯಕನ ಅವ್ವ ಕೆಮ್ಮಿದಳು. ‘ಇಂಟರ್ವಲ್‌ಗೆ ಈಕಿ ಸಾಯ್ತಾಳ ನೋಡ್ರಿ’ ಅಂದರು ಪಕ್ಕದ ಕಾಕಾ. ಹಾಗೇ ಆಯ್ತು. ಆ ದೃಶ್ಯದ ಬೆಳಕು ಎಷ್ಟು ಚೆಂದ ಇತ್ತು! ಅಳು ಮಾತ್ರ ಬರಲಿಲ್ಲ.

ಸಾವು ಮೊದಲೇ ಗೊತ್ತಿದ್ದರೂ ಪರವಾಗಿಲ್ಲ. ಆಗ ಮಗ ಏನು ಮಾಡ್ತಾನೆ ಅನ್ನೋದಾದರೂ ಗೊತ್ತಿರಬಾರದು, ಅಲ್ವಾ? ಇಲ್ಲಿ ಅದೂ ಗೊತ್ತಿತ್ತು.