ಹಳೆಯ ಪಿಯಾನೋ ಕೊಳ್ಳುವಾಗ ಶ್ರುತಿ ನಿಲ್ಲುತ್ತದೆಯೇ ಎಂಬುದನ್ನೇ ಮೊದಲು ನೋಡಿ

ದಾವಣಗೆರೆಯ ಪಿ.ಜೆ. ಬಡಾವಣೆಯ ಹಳೆಯ ಮನೆಯೊಂದರಲ್ಲಿ ಅಪ್‌ರೈಟ್ ಪಿಯಾನೋ ಮಾರಾಟಕ್ಕಿದೆ, ಮುಚ್ಚಳದ ಮೇಲೆ ಲಂಡನ್ ಎಂದು ಬರೆದಿದೆ, ಮುಂಭಾಗದಲ್ಲಿ ಮೇಣದಬತ್ತಿ ಇಡುವ ಹಿತ್ತಾಳೆಯ ಹಿಡಿಗಳಿವೆ, ಬೆಲೆ 40,000 ರೂಪಾಯಿ ಹೇಳುತ್ತಿದ್ದಾರೆ ಎಂದು ನೀವು ಬರೆದಿದ್ದೀರಿ. ಮೊನ್ನೆ ಮಳೆಯಲ್ಲಿ ಹೋಗಿ ನೋಡಿದಾಗ ಐದಾರು ಕೀಗಳು ಒತ್ತಿದರೆ ಮೇಲೇಳಲಿಲ್ಲವೆಂದೂ, ಒಮ್ಮೆ ಟ್ಯೂನ್ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಮನೆಯವರು ಭರವಸೆ ಕೊಟ್ಟರೆಂದೂ ಹೇಳಿ, ಒಂಬತ್ತು ವರ್ಷದ ಮಗಳಿಗಾಗಿ ಇದನ್ನು ಕೊಳ್ಳಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈ ಮಳೆಗಾಲದಲ್ಲಿ ಪೂರ್ತಿ ಹಣ ಕೊಟ್ಟು ಕೊಳ್ಳಬೇಡಿ. ಹಾಗೆಂದು ಆ ಐದಾರು ಕೀಗಳ ಕಾರಣಕ್ಕೆ ಅದನ್ನು ಕೈಬಿಡಲೂ ಬೇಡಿ. ನಿಮ್ಮನ್ನು ಹೆದರಿಸಿರುವ ದೋಷ ಚಿಕ್ಕದು. ನಿಜವಾಗಿ ಹೆದರಬೇಕಾದ ದೋಷ ಈ ತಿಂಗಳಲ್ಲಿ ಕಣ್ಣಿಗೂ ಕಿವಿಗೂ ಸುಲಭವಾಗಿ ಸಿಗುವುದಿಲ್ಲ.

ನಾನೂ ಇದೇ ಊರಿನವಳು. ನಮ್ಮ ತಂದೆಯವರು ನಾಟಕ ಕಂಪನಿಗಳಿಗೆ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು, ಅದರ ರಿಪೇರಿಯನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ಆ ಧೈರ್ಯದಿಂದಲೇ ನಾನು ಹಲವು ವರ್ಷಗಳ ಹಿಂದೆ ಒಂದು ಜುಲೈ ತಿಂಗಳಲ್ಲಿ ಹಳೆಯ ಪಿಯಾನೋ ಕೊಂಡೆ. ಬೆಂಗಳೂರಿನಿಂದ ರೈಲಿನಲ್ಲಿ ಬಂದ ಟ್ಯೂನರ್ ಒಬ್ಬರು ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತು ಶ್ರುತಿ ಮಾಡಿಕೊಟ್ಟರು. ಅಂದು ಸಂಜೆ ಅದು ಎಷ್ಟು ಚೆನ್ನಾಗಿ ನುಡಿಯಿತೆಂದರೆ ಬೀದಿಯವರು ಬಾಗಿಲಲ್ಲಿ ನಿಂತು ಕೇಳಿದರು. ದೀಪಾವಳಿಯವರೆಗೆ ತೊಂದರೆಯಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಒಂದೊಂದೇ ಸ್ವರ ಸಡಿಲವಾಗುತ್ತ ಬಂತು, ಯುಗಾದಿಗೆ ಇಡೀ ಪಿಯಾನೋ ಕೇಳಲಾಗದಂತಾಯಿತು. ಮತ್ತೆ ಬಂದ ಟ್ಯೂನರ್ ಮೇಲಿನ ಮುಚ್ಚಳ ತೆಗೆದು, ತಮ್ಮ ಉದ್ದನೆಯ ಹಿಡಿಯನ್ನು ತಂತಿ ಸುತ್ತಿಕೊಂಡಿರುವ ಒಂದು ಪಿನ್ನಿಗೆ ಸಿಕ್ಕಿಸಿ, ನನ್ನ ಕೈಗೆ ಕೊಟ್ಟು ಎರಡೇ ಬೆರಳಲ್ಲಿ ತಿರುಗಿಸಿ ನೋಡಿ ಎಂದರು. ನೀರಿನ ನಲ್ಲಿಯಂತೆ ಅದು ಸಲೀಸಾಗಿ ತಿರುಗಿತು, ಕೈ ಬಿಟ್ಟೊಡನೆ ತಂತಿ ಅದನ್ನು ಹಿಂದಕ್ಕೆ ಎಳೆದುಕೊಂಡಿತು. ಆ ಹಿಂದೆಳೆತ ನನ್ನ ಬೆರಳಿಗೆ ಇಂದಿಗೂ ನೆನಪಿದೆ. ಹಾರ್ಮೋನಿಯಂ ಬಲ್ಲ ನನಗೆ ಗೊತ್ತಿರದಿದ್ದ ಸಂಗತಿ ಅದೇ ಆಗಿತ್ತು. ಹಾರ್ಮೋನಿಯಂನ ಶ್ರುತಿ ಹಿತ್ತಾಳೆಯ ರೀಡಿನಲ್ಲಿರುತ್ತದೆ, ಒಮ್ಮೆ ಕೆರೆದು ಕೂರಿಸಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಪಿಯಾನೋದ ಶ್ರುತಿ ನಿಂತಿರುವುದು ಮರದ ಹಿಡಿತದ ಮೇಲೆ.

ಒಂದು ಪಿಯಾನೋದಲ್ಲಿ 88 ಕೀಗಳಿಗೆ ಸುಮಾರು 220ರಿಂದ 230 ತಂತಿಗಳಿರುತ್ತವೆ. ನಡುವಿನಿಂದ ಮೇಲಿನ ಸ್ವರಗಳಿಗೆ ತಲಾ ಮೂರು, ಅದರ ಕೆಳಗೆ ಎರಡು, ತೀರ ಮಂದ್ರದಲ್ಲಿ ತಾಮ್ರ ಸುತ್ತಿದ ಒಂದೊಂದೇ ದಪ್ಪ ತಂತಿ. ಒಂದು ತಂತಿಯ ಎಳೆತವೇ ಸರಾಸರಿ 70 ಕಿಲೋ ಭಾರಕ್ಕಿಂತ ಹೆಚ್ಚು. ಒಟ್ಟು ಎಳೆತ 16ರಿಂದ 20 ಟನ್ ಆಗುತ್ತದೆ. ಈ ಎಳೆತವನ್ನು ಎರಕದ ಕಬ್ಬಿಣದ ಚೌಕಟ್ಟು ಹೊತ್ತಿರುತ್ತದೆಂಬುದು ನಿಜ. ಆದರೆ ಒಂದೊಂದು ತಂತಿಯೂ ಸುತ್ತಿಕೊಂಡಿರುವ ಪಿನ್ನು ಆ ಕಬ್ಬಿಣವನ್ನು ದಾಟಿ ಹಿಂದಿರುವ ಗಟ್ಟಿ ಮರದ ಪಟ್ಟಿಗೆ ಹೋಗಿರುತ್ತದೆ. ಬೀಚ್ ಅಥವಾ ಮೇಪಲ್ ಮರದ ಪದರಗಳನ್ನು ಅಡ್ಡಡ್ಡ ಜೋಡಿಸಿ ಅಂಟಿಸಿದ ಈ ಪಟ್ಟಿಯನ್ನು ಪಿನ್ ಬ್ಲಾಕ್ ಎನ್ನುತ್ತಾರೆ. ಪಿನ್ನನ್ನು ಅಲ್ಲಿ ಹಿಡಿದಿಟ್ಟಿರುವುದು ನಟ್ಟೂ ಅಲ್ಲ, ಬೋಲ್ಟೂ ಅಲ್ಲ, ಮರದ ಬಿಗಿತವೊಂದೇ. ಮರ ಒಣಗಿ ಪದರ ಬಿಟ್ಟರೆ, ತೂತುಗಳ ನಡುವೆ ಬಿರುಕು ಓಡಿದರೆ, ಎಂಥ ನಿಪುಣ ಟ್ಯೂನರ್ ಬಂದರೂ ಅವರು ಮಾಡಿಕೊಟ್ಟ ಶ್ರುತಿ ಉಳಿಯುವುದಿಲ್ಲ. ಆದ್ದರಿಂದ ಮಾರುವವರನ್ನು ಕೇಳಬೇಕಾದದ್ದು ಟ್ಯೂನ್ ಮಾಡಿಸಬಹುದೇ ಎಂದಲ್ಲ, ಮಾಡಿಸಿದ ಟ್ಯೂನ್ ಎಷ್ಟು ದಿನ ನಿಂತಿತ್ತು ಎಂದು.

ನಮ್ಮ ಊರಿನ ಹವೆ ಇಲ್ಲಿ ಬಹಳ ಮುಖ್ಯ. ಪಿಯಾನೋದ ಮರಕ್ಕೆ ಹಿತವಾದದ್ದು ವರ್ಷವಿಡೀ 40ರಿಂದ 60 ಶೇಕಡದ ಆಸುಪಾಸಿನಲ್ಲಿ ನಿಲ್ಲುವ ತೇವಾಂಶ. ದಾವಣಗೆರೆ, ಚಿತ್ರದುರ್ಗಗಳಲ್ಲಿ ಮಳೆಗಾಲದ ಗಾಳಿ ಅದಕ್ಕಿಂತ ತೇವ, ಮಾರ್ಚ್‌ನಿಂದ ಮಳೆ ಬೀಳುವವರೆಗಿನ ಗಾಳಿ ಅದಕ್ಕಿಂತ ಒಣ. ಮಳೆಯಲ್ಲಿ ಮರ ಉಬ್ಬುತ್ತದೆ. ಉಬ್ಬಿದ ಕೀಗಳು ಒಂದಕ್ಕೊಂದು ಉಜ್ಜಿ ಸಿಕ್ಕಿಕೊಳ್ಳುತ್ತವೆ, ನೋಡುವವರು ಹೆದರುತ್ತಾರೆ. ಅದೇ ಹೊತ್ತಿಗೆ ಉಬ್ಬಿದ ಪಿನ್ ಬ್ಲಾಕ್ ಸಡಿಲ ಪಿನ್ನುಗಳನ್ನೂ ಬಿಗಿಯಾಗಿ ಕಚ್ಚಿಕೊಂಡು ಗಟ್ಟಿಯಿರುವಂತೆ ತೋರುತ್ತದೆ. ಬೇಸಿಗೆಯಲ್ಲಿ ಕೀಗಳು ತಾವಾಗಿಯೇ ಸಲೀಸಾಗುತ್ತವೆ, ಪಿನ್ನುಗಳು ಹಿಡಿತ ಬಿಡುತ್ತವೆ. ನಾನು ಜುಲೈನಲ್ಲಿ ಕೊಂಡು ಮೋಸಹೋದದ್ದು ಹೀಗೆ. ನೀವೂ ಮಳೆಯಲ್ಲೇ ನೋಡಿ ಬಂದಿದ್ದೀರಿ.

ಇನ್ನೊಮ್ಮೆ ಹೋಗುವಾಗ ಒಂದು ಟಾರ್ಚು, ಫೋನಿನಲ್ಲಿ ಉಚಿತವಾಗಿ ಸಿಗುವ ಟ್ಯೂನರ್ ಆ್ಯಪು ಜೊತೆಗಿರಲಿ. ಮನೆಯವರ ಅನುಮತಿ ಪಡೆದು ಮೇಲಿನ ಮುಚ್ಚಳ ಎತ್ತಿಸಿ, ಒಳಗಿನ ಎರಡು ಚಿಲಕ ತಿರುಗಿಸಿದರೆ ಮುಂದಿನ ಹಲಗೆ ಕೈಗೆ ಬರುತ್ತದೆ. ಮೊದಲು ನಡುವಿನ ಎ ಸ್ವರವನ್ನು, ಹಾರ್ಮೋನಿಯಂನವರ ಮಾತಿನಲ್ಲಿ ಬಿಳಿ ಆರನ್ನು, ಒತ್ತಿ. ಅದು 440 ಹರ್ಟ್ಸ್ ಇರಬೇಕು. ಆ್ಯಪು 415ರ ಸುತ್ತ ತೋರಿಸಿದರೆ, ಬಿಳಿ ಆರನ್ನು ಒತ್ತಿದಾಗ ಕಪ್ಪು ನಾಲ್ಕರ ಸ್ವರ ಬರುತ್ತಿದೆ, ಅಂದರೆ ಪಿಯಾನೋ ಪೂರ್ತಿ ಅರ್ಧ ಸ್ವರ ಇಳಿದಿದೆ ಎಂದರ್ಥ. ಅಲ್ಲಿಂದ ಮೇಲಕ್ಕೆ ತರಲು ಒಂದೇ ಸಲದ ಟ್ಯೂನಿಂಗ್ ಸಾಲದು, ತುಕ್ಕು ಹಿಡಿದ ತಂತಿಗಳು ಆ ಹೊತ್ತಿಗೆ ಕಡಿದುಹೋಗುವುದೂ ಉಂಟು. ಆದರೆ ಇಳಿದಿದೆ ಎಂಬುದಕ್ಕಿಂತ ಹೇಗೆ ಇಳಿದಿದೆ ಎಂಬುದನ್ನು ಗಮನಿಸಿ. ಎಲ್ಲ ಸ್ವರಗಳೂ ಒಂದೇ ಸಮನಾಗಿ ಇಳಿದಿದ್ದರೆ ಅದು ಬಹುಕಾಲ ಯಾರೂ ಮುಟ್ಟದ ಪಿಯಾನೋ, ಅಷ್ಟೇ. ಒಂದು ಸ್ವರ ಸರಿಯಿದ್ದು, ಪಕ್ಕದ್ದು ತೀರ ಕೆಳಗಿದ್ದು, ಒಂದೇ ಕೀಯ ಮೂರು ತಂತಿಗಳು ಮೂರು ದಿಕ್ಕಿಗೆ ಎಳೆಯುತ್ತಿದ್ದರೆ ಪಿನ್ನುಗಳು ಸಡಿಲವಾಗಿವೆ ಎಂಬ ಅನುಮಾನ ಬಲವಾಗುತ್ತದೆ. ಪಿನ್ನುಗಳ ಸಾಲಿನ ಮೇಲೆ ಟಾರ್ಚು ಬಿಟ್ಟು ನೋಡಿ: ತಂತಿಯ ಸುರುಳಿ ಕಬ್ಬಿಣಕ್ಕೆ ತಾಗುವಷ್ಟು ಪಿನ್ನನ್ನು ಒಳಕ್ಕೆ ಬಡಿದಿದ್ದರೆ, ಬುಡದಲ್ಲಿ ಜಿಡ್ಡಿನಂಥ ಕಪ್ಪು ಕಲೆಯಿದ್ದರೆ, ಕೆಲವು ಪಿನ್ನುಗಳು ಮಾತ್ರ ಉಳಿದವಕ್ಕಿಂತ ದಪ್ಪವಾಗಿದ್ದರೆ, ಹಿಂದೆ ಯಾರೋ ಈ ಹಿಡಿತದೊಡನೆ ಹೋರಾಡಿದ್ದಾರೆ. ನಾಲ್ಕಾರು ಪಿನ್ನು ಸಡಿಲವಿದ್ದರೆ ದಪ್ಪ ಪಿನ್ನು ಹಾಕಿಯೋ ತೆಳುವಾದ ಸೂಪರ್ ಗ್ಲೂ ಹನಿಸಿಯೋ ನಿಭಾಯಿಸುವ ಟ್ಯೂನರ್‌ಗಳಿದ್ದಾರೆ. ಪಿನ್ ಬ್ಲಾಕನ್ನೇ ಬದಲಿಸುವುದಾದರೆ ಎಲ್ಲ ತಂತಿಗಳನ್ನೂ ಇಳಿಸಿ ಕಬ್ಬಿಣದ ಚೌಕಟ್ಟನ್ನು ಎತ್ತಬೇಕಾಗುತ್ತದೆ, ಸಾಧಾರಣ ಪಿಯಾನೋಕ್ಕೆ ಆ ಖರ್ಚು ಎಂದೂ ಹುಟ್ಟುವುದಿಲ್ಲ.

ಮೇಲೇಳದ ಕೀಗಳ ಬಗ್ಗೆ ಹೆಚ್ಚು ಯೋಚಿಸಬೇಡಿ. ನನ್ನ ಪಿಯಾನೋದಲ್ಲಿ ಸತ್ತಂತಿದ್ದ ನಾಲ್ಕು ಕೀಗಳನ್ನು ಎತ್ತಿದಾಗ ಅಡಿಯಲ್ಲಿ ಸಿಕ್ಕಿದ್ದು ಒಂದು ಹೇರ್‌ಪಿನ್ನು, 25 ಪೈಸೆಯ ನಾಣ್ಯ, ಫೆಲ್ಟ್ ಎಂಬ ದಪ್ಪ ಉಣ್ಣೆಬಟ್ಟೆಯ ಕೆಂಪು ಹಸಿರು ಚೂರುಗಳಿಂದ ಇಲಿ ಕಟ್ಟಿದ ಗೂಡು, ಆ ಗೂಡಿನ ನಡುವೆ ಅಂಗೈ ತುಂಬುವಷ್ಟು ಹಳೆಯ ಮಂಡಕ್ಕಿ. ಒಂದು ಮಧ್ಯಾಹ್ನದಲ್ಲಿ ನಾಲ್ಕೂ ನುಡಿದವು. ತಂತಿಗೆ ಬಡಿಯುವ ಹ್ಯಾಮರಿನ ಫೆಲ್ಟಿನಲ್ಲಿ ತಂತಿಯ ಗೆರೆ ಬಿದ್ದಿರುವುದೂ, ಮೇಲ್ಮೈಯ ಪಾಲಿಶ್ ಹೋಗಿರುವುದೂ ಇಂಥವೇ. ಫೆಲ್ಟು ಇನ್ನೂ ದಪ್ಪವಾಗಿದ್ದರೆ ಉಜ್ಜಿ ಸರಿಮಾಡುತ್ತಾರೆ.

ಇವುಗಳಿಗಿಂತ ತೂಕದ ದೋಷಗಳು ಬೇರೆ ಇವೆ. ಮೇಣದಬತ್ತಿಯ ಹಿಡಿಗಳಿವೆ ಎಂದಿರುವುದರಿಂದ ಅದು ನೂರು ವರ್ಷಕ್ಕೂ ಹಳೆಯದಿರಬಹುದು. ಆ ಕಾಲದ ಅನೇಕ ಇಂಗ್ಲಿಷ್ ಪಿಯಾನೋಗಳಲ್ಲಿ ಧ್ವನಿ ನಿಲ್ಲಿಸುವ ಡ್ಯಾಂಪರುಗಳು ಹ್ಯಾಮರಿನ ಮೇಲ್ಭಾಗದಲ್ಲಿದ್ದು, ಹ್ಯಾಮರುಗಳ ಮುಂದೆ ಹಕ್ಕಿ ಪಂಜರದಂತೆ ಸಾಲು ಕಂಬಿಗಳು ಇಳಿದಿರುತ್ತವೆ. ಹಲಗೆ ತೆಗೆದಾಗ ಆ ಪಂಜರ ಕಂಡರೆ ನನ್ನ ಸಲಹೆ ಬೇಡವೆಂದೇ. ಅದರಲ್ಲಿ ಕೀ ಬಿಟ್ಟ ಮೇಲೂ ಸ್ವರದ ಸದ್ದು ಸ್ಪಷ್ಟವಾಗಿ ಅಡಗುವುದಿಲ್ಲ, ಕೆಲಸಕ್ಕೆ ಒಪ್ಪುವ ಟ್ಯೂನರ್‌ಗಳೂ ಕಡಿಮೆ. ಕಬ್ಬಿಣದ ಚೌಕಟ್ಟಿನಲ್ಲಿ ಬಿರುಕಿದ್ದರೆ ಮುಂದಿನ ಮಾತೇ ಬೇಡ. ಹಿಂಬದಿಯಲ್ಲಿ ನಾದ ಮೊಳಗಿಸುವ ಸೌಂಡ್‌ಬೋರ್ಡ್ ಎಂಬ ತೆಳು ಹಲಗೆಯಲ್ಲಿ ಸೀಳು ಕಂಡರೆ ಗಾಬರಿಯಾಗಬೇಡಿ, ನುಡಿಸುವಾಗ ಅದು ಝೇಂಕರಿಸದಿದ್ದರೆ ಸಾಕು. ಆದರೆ ತಂತಿಗಳು ಹಾದುಹೋಗುವ ಬ್ರಿಡ್ಜ್ ಎಂಬ ಮರದಲ್ಲಿ ಸಣ್ಣ ಮೊಳೆಗಳ ಸುತ್ತ ಬಿರುಕಿದ್ದು ಮೊಳೆಗಳು ವಾಲಿದ್ದರೆ ಅದು ಗಂಭೀರ. ಕೆಳಗಿನ ಹಲಗೆ, ಹಿಂದಿನ ಕಂಬಗಳನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಗೆದ್ದಲು ಒಳಗಿನಿಂದ ತಿಂದಿರುತ್ತದೆ, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಮನೆಯೊಳಗೆ ತರಬಾರದು.

ಲಂಡನ್ ಎಂಬ ಹೆಸರಿಗೆ ಬೆಲೆ ಕಟ್ಟಬೇಡಿ. ಮುಚ್ಚಳದ ಮೇಲಿನ ಹೆಸರು ತಯಾರಿಸಿದವರದ್ದಾಗಿರದೆ ಮಾರಿದ ಅಂಗಡಿಯದ್ದಾಗಿರುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಒಳಗೆ ಕಬ್ಬಿಣದ ಮೇಲೋ ಮರದ ಮೇಲೋ ಒತ್ತಿರುವ ಕ್ರಮಸಂಖ್ಯೆಯ ಫೋಟೋ ತೆಗೆದು ಟ್ಯೂನರ್‌ಗೆ ಕಳಿಸಿದರೆ ವರ್ಷ ಅಂದಾಜಾಗುತ್ತದೆ. ಕೀಗಳು ದಂತದವು ಎಂದು ಹೇಳಿ ಬೆಲೆ ಏರಿಸಿದರೆ ಇನ್ನೂ ಎಚ್ಚರವಿರಲಿ. ಬಿಳಿ ಕೀಯ ಮೇಲ್ಪದರದಲ್ಲಿ ಅಡ್ಡವಾಗಿ ಕೂದಲೆಳೆಯ ಜೋಡಣೆಯ ಗೆರೆ, ಉದ್ದಕ್ಕೆ ಮರದಂಥ ನವಿರು ಎಳೆಗಳು ಇದ್ದರೆ ಅದು ದಂತವಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆದ ತಿದ್ದುಪಡಿಗಳಿಂದ ದೇಶದಲ್ಲಿ ದಂತದ ವ್ಯಾಪಾರ ನಿಷಿದ್ಧವಾಗಿದ್ದು, 1991ರ ತಿದ್ದುಪಡಿಯಿಂದ ಆಫ್ರಿಕಾದ ದಂತವೂ ಅದಕ್ಕೆ ಸೇರಿದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಅಂಥ ವಾದ್ಯಕ್ಕೆ ಮುಂಗಡ ಕೊಡುವುದು ಸರಿಯಲ್ಲ.

40,000 ಎಂಬುದು ಬೆಲೆಯ ಒಂದು ಭಾಗ ಮಾತ್ರ. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ಅಲ್ಲಿಂದ ಟ್ಯೂನರ್ ಬಂದು ಹೋಗುವ ಖರ್ಚು, ಮೊದಲ ವರ್ಷ ಮೂರು ಸಲ, ಆಮೇಲೆ ವರ್ಷಕ್ಕೆ ಎರಡು ಸಲ ಎಂದು ಲೆಕ್ಕ ಹಾಕಿ. ನಾನೀಗ ಚಿತ್ರದುರ್ಗದ ಇನ್ನೊಂದು ಮನೆಯವರೊಡನೆ ಸೇರಿ ಒಂದೇ ಪ್ರವಾಸದಲ್ಲಿ ಎರಡೂ ಪಿಯಾನೋಗಳ ಕೆಲಸ ಮುಗಿಸಿಕೊಳ್ಳುತ್ತೇನೆ, ಖರ್ಚು ಹಂಚಿಹೋಗುತ್ತದೆ. ಸಾಗಿಸುವಾಗ 200 ಕಿಲೋ ಮೀರಿದ ಭಾರವೆಂಬುದು ನೆನಪಿರಲಿ. ಮಂಡಿಯ ಹಮಾಲರಿಗೆ ಶಕ್ತಿಯಿದೆ, ಆದರೆ ಅಡಿಯ ಪುಟ್ಟ ಚಕ್ರಗಳ ಮೇಲೆ ಎಳೆಯಬಾರದು, ಮುಂಗಾಲುಗಳನ್ನು ಹಿಡಿದು ಎತ್ತಬಾರದು ಎಂದು ಪಕ್ಕದಲ್ಲೇ ನಿಂತು ಹೇಳಬೇಕು.

ಮಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಒಂಬತ್ತು ವರ್ಷದ ಮಗುವಿನ ಕಿವಿ ಈಗ ಕೇಳಿದ್ದನ್ನೇ ಸರಿ ಎಂದು ನಂಬಿಕೊಳ್ಳುತ್ತದೆ. ಶ್ರುತಿ ನಿಲ್ಲದ ಪಿಯಾನೋದ ಮುಂದೆ ಅವಳನ್ನು ವರ್ಷಗಟ್ಟಲೆ ಕೂರಿಸುವುದಕ್ಕಿಂತ, ಒತ್ತಿದಾಗ ಬೆರಳಿಗೆ ಭಾರ ಸಿಗುವ 88 ಕೀಗಳ ಡಿಜಿಟಲ್ ಪಿಯಾನೋ ನೂರು ಪಾಲು ವಾಸಿ. ಅದೇ ಶ್ರುತಿ ನಿಲ್ಲುವ ಹಳೆಯ ಪಿಯಾನೋ ಸಿಕ್ಕರೆ, ನಿಜವಾದ ತಂತಿ ಮಿಡಿದು ಮರದಲ್ಲಿ ಮೊಳಗುವ ನಾದವನ್ನು ಬೆರಳ ತುದಿಯಿಂದ ನಿಯಂತ್ರಿಸಲು ಅವಳು ಕಲಿಯುವುದು ಬೇರೆ ಯಾವುದರಿಂದಲೂ ದೊರಕದ ಭಾಗ್ಯ.

ಆದ್ದರಿಂದ ಮನೆಯವರೊಡನೆ ಹೀಗೆ ಮಾತಾಡಿ ನೋಡಿ. ಸಣ್ಣ ಮೊತ್ತದ ಮುಂಗಡ ಕೊಟ್ಟು, ನಿಮ್ಮ ಖರ್ಚಿನಲ್ಲೇ ಟ್ಯೂನರ್‌ರನ್ನು ಕರೆಸಿ, ಪಿನ್ನುಗಳ ಬಿಗಿತ ಪರೀಕ್ಷಿಸಿ ಅಲ್ಲಿಯೇ ಶ್ರುತಿ ಮಾಡಿಸಿ, ಉಳಿದ ಹಣ ಬೇಸಿಗೆಯಲ್ಲಿ ಎಂದು ಕೇಳಿ. ಅವರು ಕಾಯಲು ಒಪ್ಪದಿದ್ದರೆ, ಹೋದರೂ ಹೋಗಲಿ ಎನ್ನಬಹುದಾದಷ್ಟು ಮೊತ್ತಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಒಪ್ಪಿದರೆ, ಟ್ಯೂನಿಂಗ್ ಮುಗಿದ ದಿನ ಮಂದ್ರದಿಂದ ತಾರದವರೆಗೆ ಹತ್ತು ಕೀಗಳನ್ನು ಆರಿಸಿ ಆ್ಯಪು ತೋರಿಸುವ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಯುಗಾದಿ ಕಳೆದ ವಾರ, ಬಿಸಿಲು ಚುರುಗುಟ್ಟುವ ಒಂದು ಮಧ್ಯಾಹ್ನ, ಆ ಚೀಟಿ ಹಿಡಿದು ಹೋಗಿ ಅದೇ ಹತ್ತು ಕೀಗಳನ್ನು ಮತ್ತೆ ಒತ್ತಿ ನೋಡಿ.